ಕಾಲು ಮುಂದಾಗಿ ಹುಟ್ಟಿದವಳ ಸೊಂಟ

ನಿಮ್ಮ ಪಾದವನ್ನು ನೀವು ಪೂರ್ತಿ ನೋಡಿದ್ದೀರಾ? ನಾನು ನೋಡಿದ್ದು ಮೊನ್ನೆ. ಮರದ ಕುರ್ಚಿಯ ಮೇಲೆ ಎರಡೂ ಕಾಲು ಏರಿಸಿ, ಚಾಪೆಯ ಮೇಲೆ ಅಂಗಾತ ಬಿದ್ದುಕೊಂಡಿದ್ದೆ. ಬೀರೂರಿನ ಫಿಸಿಯೋಥೆರಪಿ ಹುಡುಗಿ ಹೇಳಿಕೊಟ್ಟ ಭಂಗಿ ಅದು. ಹಾಗೆ ಮಲಗಿದಾಗ ಸವೆದ ಕಾಲುಂಗುರ, ಒಡೆದ ಹಿಮ್ಮಡಿ, ಉಗುರಿನ ಸಂದಿಯ ಹೊಲದ ಮಣ್ಣು ಎಲ್ಲವೂ ಕಣ್ಣೆದುರಿಗೇ ಬಂದು ನಿಂತವು. ಒಂದು ಕಾಲದಲ್ಲಿ ಈ ಪಾದಗಳಿಗೆ ಅಜ್ಜಂಪುರದ ಸುತ್ತಮುತ್ತ ಬಹಳ ಹೆಸರಿತ್ತು ಎಂದರೆ ಈಗ ನನಗೇ ನಗು ಬರುತ್ತದೆ. ಆದರೆ ಮೊನ್ನೆ ನಗುವ ಹಾಗಿರಲಿಲ್ಲ. ನಕ್ಕರೆ ಸೊಂಟ ಚಳಕ್ ಎನ್ನುತ್ತಿತ್ತು. ಕೆಮ್ಮಿದರೂ ಅಷ್ಟೇ. ಇನ್ನು ಸೀನು ಬಂದರಂತೂ ದೇವರೇ ಗತಿ. ಮನೆಯ ತುಂಬ ಈರುಳ್ಳಿ ಸಿಪ್ಪೆಯ ಘಾಟು ತುಂಬಿದ್ದರೂ ಸೀನು ಬಂದಿರಲಿಲ್ಲ. ಅದನ್ನೊಂದು ಕೃಪೆ ಎಂದು ಲೆಕ್ಕಕ್ಕೆ ಹಿಡಿದುಕೊಂಡೆ.

ಸೊಂಟ ಹಿಡಿದದ್ದು ಈರುಳ್ಳಿ ಕೀಳುವಾಗಲ್ಲ, ಬುಟ್ಟಿ ಹೊರುವಾಗಲೂ ಅಲ್ಲ. ವಾರವೆಲ್ಲ ಬಗ್ಗಿ ಕಿತ್ತು, ಕೂತು ಜುಟ್ಟು ಕೊಯ್ದು, ಚೀಲ ತುಂಬಿದ ಮೇಲೆ, ಬೆಳಿಗ್ಗೆ ಸ್ನಾನ ಮಾಡಿ ಪೂಜೆಯ ಮಣೆ ಎತ್ತಿಕೊಳ್ಳಲು ಬಗ್ಗಿದವಳು ಅರ್ಧಕ್ಕೇ ನಿಂತೆ. ಒಂದೇ ಕೈಯಲ್ಲಿ ಎತ್ತಬಹುದಾದ ಹಗುರ ಮಣೆ ಅದು. ಹಿಂದೊಮ್ಮೆ ಇಂಥದೇ ನೋವಿಗೆ ಹೋದಾಗ ಆ ಹುಡುಗಿ, "ಆಂಟಿ, ಸೊಂಟ ಬಗ್ಗಿಸೋ ಕೆಲ್ಸ ಬಿಟ್ಬಿಡಿ" ಎಂದಿದ್ದಳು. ನಮ್ಮ ಕಡೆ ಈರುಳ್ಳಿ ಇನ್ನೂ ನಿಂತವರ ಕೈಗೆ ಸಿಗುವಷ್ಟು ಎತ್ತರ ಬೆಳೆಯುವುದನ್ನು ಕಲಿತಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ಸುಮ್ಮನೆ ತಲೆಯಾಡಿಸಿ ಬಂದಿದ್ದೆ.

ಲಿಂಗಪೂಜೆ ಆಗದೆ ನಾನು ಹನಿ ನೀರನ್ನೂ ಬಾಯಿಗೆ ಹಾಕುವವಳಲ್ಲ. ಈ ಹಟ ನನ್ನದಲ್ಲ, ಅತ್ತೆಯಿಂದ ಬಂದದ್ದು. ಕುರ್ಚಿಯ ಮೇಲಿನ ಕಾಲುಗಳನ್ನು ನೋಡುತ್ತಾ ಬಿದ್ದಿದ್ದವಳಿಗೆ, ಅತ್ತೆಗೂ ಹೀಗೇ ಆಗಿದ್ದ ಆ ದಿನ ನೆನಪಾಯಿತು.

ಆಗ ನಾನು ಈ ಮನೆಗೆ ಬಂದ ಹೊಸತು. ತವರು ಹಿರೇನಲ್ಲೂರು. ಗೌರಿ ಹಬ್ಬಕ್ಕೆ ಅಣ್ಣ ಕರೆಯಲು ಬಂದಿದ್ದ. ಅತ್ತೆ ಅವನಿಗೆ ಹೊಟ್ಟೆ ತುಂಬ ಊಟ ಬಡಿಸಿ, "ಈರುಳ್ಳಿ ಹೊಲದಲ್ಲೈತೆ, ಕಿತ್ತು ಮುಗೀಲಿ, ಆಮೇಲೆ ಕಳಿಸ್ತೀನಿ" ಎಂದು ಹೇಳಿ ಬರಿಗೈಲಿ ಕಳಿಸಿಬಿಟ್ಟರು. ನಾನು ಹಬ್ಬದ ದಿನ ಈರುಳ್ಳಿ ಜುಟ್ಟು ಕೊಯ್ಯುತ್ತಾ ಕಣ್ಣೀರು ಹಾಕಿದೆ. ಕೊಯ್ಯುತ್ತಿದ್ದದ್ದು ಈರುಳ್ಳಿಯಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಅದೂ ಒಂದು ಕೃಪೆ.

ಅದಾಗಿ ಕೆಲವೇ ದಿನಕ್ಕೆ ಅತ್ತೆಗೆ ಸೊಂಟ ಹಿಡಿಯಿತು. ಬೆಳಿಗ್ಗೆ ಸ್ನಾನ ಮಾಡಿ ಬಂದವರು ನಡುಮನೆಯ ಕಂಬ ಅಪ್ಪಿಕೊಂಡು ನಿಂತದ್ದು ನಿಂತೇ ಇದ್ದರು. ಕೂರಲಾರರು, ಮಲಗಲಾರರು. ಮಾವ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟರು. ತರೀಕೆರೆಯ ಡಾಕ್ಟರ ಹತ್ತಿರ ಹೋಗೋಣವೆಂದರೆ, ಪೂಜೆ ಆಗದೆ ಹೊಸಿಲು ದಾಟುವುದಿಲ್ಲ ಎಂದರು ಅತ್ತೆ.

"ನಿಂತ್ಕೊಂಡೇ ಮಾಡ್ಕೊಳ್ಳೇ. ಶಿವ ಏನಂದಾನು?" ಎಂದರು ಮಾವ.

"ಶಿವ ಏನೂ ಅನ್ನಲ್ಲ. ನಂಗೇ ಸರಿಹೋಗಲ್ಲ. ಮನೆಗೆ ನೆಂಟರು ಬಂದ್ರೆ ನೀವು ಕಂಬ ತಬ್ಕೊಂಡು ಮಾತಾಡಿಸ್ತೀರಾ?"

ಮಧ್ಯಾಹ್ನವಾಯಿತು. ಅತ್ತೆಯ ತುಟಿ ಒಣಗಿ ಬೆಳ್ಳಗಾಯಿತು. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಹೀಗೇ ನಿಂತಿದ್ದರೆ ತಲೆ ಸುತ್ತಿ ಬೀಳುತ್ತಾರೆ ಎಂದು ನನಗೆ ಭಯ. ನನ್ನ ಪೂಜೆ ಆಗಿತ್ತು, ಆದರೂ ಅವರೆದುರು ನೀರು ಕುಡಿಯಲು ಗಂಟಲು ಒಪ್ಪಲಿಲ್ಲ.

ಒಂದು ಗುಟ್ಟು ನನ್ನ ಹತ್ತಿರವಿತ್ತು. ಕಾಲು ಮುಂದಾಗಿ ಹುಟ್ಟಿದವರು ಮೂರು ಸಲ ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ನಾನು ಹುಟ್ಟಿದ್ದು ಹಾಗೆ. ಚಿಕ್ಕವಳಿದ್ದಾಗ ಹಿರೇನಲ್ಲೂರಿನ ಅರ್ಧ ಊರು ನನ್ನಿಂದ ಒದೆಸಿಕೊಂಡಿದೆ. ನಿದ್ದೆಯಲ್ಲಿದ್ದರೂ ಬಿಡದೆ, ಕಾಲು ಹಿಡಿದು ಎಳೆದು ಸೊಂಟಕ್ಕೆ ತಾಗಿಸಿಕೊಂಡು ಹೋಗುತ್ತಿದ್ದರು. ಅದಕ್ಕೇ ಮದುವೆಯ ದಿನ ಅವ್ವ ಕಿವಿಯಲ್ಲಿ ಹೇಳಿದ್ದಳು: "ಗಂಡನ ಮನೇಲಿ ಬಾಯಿ ಬಿಡಬ್ಯಾಡ. ಸೊಸೆ ಕಾಲಿಗೆ ಜನ ಬರಾಕೆ ಸುರುವಾದ್ರೆ ಬೇರೆ ಕೆಲ್ಸ ಆಗಾಕಿಲ್ಲ."

ಆ ಒಣ ತುಟಿ ನೋಡಿ ನಾನು ಬಾಯಿಬಿಟ್ಟೆ. "ಅತ್ತೆ, ನಾನು ಕಾಲು ಮುಂದಾಗಿ ಹುಟ್ಟಿದೋಳು."

ಮಾವನ ಕೈಯ ಉಪ್ಪಿನ ಗಂಟು ಕೆಳಗೆ ಬಿತ್ತು. ಅತ್ತೆ ಕಂಬದ ಆಚೆಯಿಂದ ನನ್ನನ್ನು ದಿಟ್ಟಿಸಿದರು. "ಬೆಳಿಗ್ಗೆಯಿಂದ ಇದನ್ನ ಇಟ್ಕೊಂಡು ನಿಂತಿದ್ದೀಯಲ್ಲೇ. ಬಾ, ಒದಿ."

"ಹೆಂಗೆ ಒದೀಲಿ ಅತ್ತೆ? ಹಿರಿಯರು. ಅದೂ ಲಿಂಗ ಇರೋ ಮೈ."

"ಲಿಂಗ ಎದೆ ಮ್ಯಾಲೈತೆ, ನೀನು ಒದಿಯೋದು ಸೊಂಟಕ್ಕೆ. ಕಡೂರಿಗೂ ತರೀಕೆರೆಗೂ ಇರೋಷ್ಟು ದೂರ ಐತೆ. ಒದಿ."

ಮೊದಲು ಕಾಲಿಗೆ ಬಿದ್ದು ನಮಸ್ಕಾರ ಮಾಡಿದೆ. ಎದ್ದು ಶಿವ ಶಿವ ಎನ್ನುತ್ತಾ ಒದ್ದೆ. ಮತ್ತೆ ನಮಸ್ಕಾರ ಮಾಡಿದೆ. ಎರಡನೆಯದಕ್ಕೂ ಹಾಗೇ. ಮಾವ ಗೋಡೆ ಕಡೆ ತಿರುಗಿ ನಿಂತಿದ್ದರು. ಅವರ ಹೆಗಲು ಕುಲುಕುತ್ತಿತ್ತು.

"ಏನೇ ಇದು, ರೊಟ್ಟಿ ತಟ್ಟಿದಂಗೆ? ಇನ್ನೊಂದೇ ಉಳಿದಿರೋದು" ಎಂದರು ಅತ್ತೆ. "ನಾನು ಅಂದಿರೋ ಮಾತು ಯಾವುದಾದ್ರೂ ನೆನಪು ಮಾಡ್ಕೊಂಡು ಒದಿ."

ನನಗೆ ಹುಡುಕುವ ಕಷ್ಟವೇ ಬೀಳಲಿಲ್ಲ. ಬರಿಗೈಲಿ ಬಸ್ಸು ಹತ್ತಿದ ಅಣ್ಣ ಕಣ್ಣೆದುರು ಬಂದ. ಕಾಲು ತಾನಾಗಿ ಎದ್ದಿತು. ಅತ್ತೆ ಕಂಬವನ್ನು ಅರ್ಧ ಸುತ್ತು ಸುತ್ತಿ ಆಚೆ ಬದಿಗೆ ಹೋಗಿ ನಿಂತರು. ನನ್ನ ಕಾಲುಂಗುರ ಅವರ ಸೀರೆಯ ಎಳೆಗೆ ಸಿಕ್ಕಿಕೊಂಡು, ನಾನೂ ಒಂಟಿಕಾಲಲ್ಲಿ ಕುಂಟುತ್ತಾ ಹಿಂದೆಯೇ ಹೋದೆ. ಆಮೇಲೆ ಅತ್ತೆ ನಗಲು ಶುರುಮಾಡಿದರು. ಅವರು ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಗುತ್ತಾ ನಗುತ್ತಾ ಕಂಬ ಬಿಟ್ಟರು, ನಗುತ್ತಲೇ ಮಣೆಯ ಮೇಲೆ ಕೂತರು.

ಸೊಂಟ ಬಿಟ್ಟದ್ದು ನನ್ನ ಕಾಲಿಗೋ, ಮಾವನ ಉಪ್ಪಿನ ಶಾಖಕ್ಕೋ, ಆ ನಗುವಿಗೋ ನನಗೆ ಗೊತ್ತಿಲ್ಲ. ಮೂರನ್ನೂ ಕೊಟ್ಟವನು ಒಬ್ಬನೇ ಆದ್ದರಿಂದ ಹಂಚಿಕೆ ನನ್ನ ಕೆಲಸವಲ್ಲ.

ಪೂಜೆ ಮುಗಿಸಿ ನೀರು ಕುಡಿದ ಮೇಲೆ ಅತ್ತೆ ನನ್ನ ಮುಖ ನೋಡಿದರು. "ನೀನೂ ಕುಡಿದಿಲ್ವೇನೇ?" ಎಂದು ಚೊಂಬು ನನ್ನ ಕಡೆ ತಳ್ಳಿದರು. ನಾನು ಕುಡಿಯುವವರೆಗೆ ಕಾದು, "ಯಾವ ಮಾತು ನೆನಪು ಮಾಡ್ಕೊಂಡೆ?" ಎಂದರು.

"ಗೌರಿ ಹಬ್ಬದ್ದು."

ಮರುದಿನ ಮಾವ ನನ್ನನ್ನು ಕಡೂರಿಗೆ ಕರೆದುಕೊಂಡು ಹೋಗಿ ಹಿರೇನಲ್ಲೂರಿನ ಬಸ್ಸು ಹತ್ತಿಸಿದರು. ಈರುಳ್ಳಿ ಇನ್ನೂ ಅರ್ಧ ಹೊಲದಲ್ಲೇ ಇತ್ತು.

ಅವ್ವ ಹೇಳಿದ್ದು ಆಮೇಲೆ ನಿಜವಾಯಿತು. ನಾನು ತವರಿನಿಂದ ವಾಪಸು ಬರುವಷ್ಟರಲ್ಲಿ ಅತ್ತೆಯೇ ಊರಿಗೆಲ್ಲ ಸಾರಿದ್ದರು. ಹಾರೆ ಹಿಡಿದು ದುಡಿಯುವ ರೈಲ್ವೆಯವನೊಬ್ಬ ಬೀರೂರಿನಿಂದ ಬಂದು, ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತು, "ಜೋರಾಗೇ ಒದೀರಕ್ಕಾ, ನಮ್ಮ ಮನೆಯೋಳ ಹೆಸ್ರು ಹೇಳ್ಕೊಂಡು ಒದೀರಿ" ಎಂದಿದ್ದ. ಅವನ ಹೆಂಡತಿ ಪಕ್ಕದಲ್ಲೇ ನಿಂತು, "ಹೆಸ್ರು ಯಾಕೆ, ನಾನೇ ಒದೀತೀನಿ" ಎಂದಳು. ಅತ್ತೆ ಜಗಲಿಯ ಮೇಲೆ ಕೂತು, ಹಬ್ಬ ಬಂದ ಹಾಗೆ, ಎಲ್ಲರಿಗೂ ಮಜ್ಜಿಗೆ ಕೊಡುತ್ತಿದ್ದರು.

ಅಂಥ ಕಾಲು ಮೊನ್ನೆ ಕುರ್ಚಿಯ ಮೇಲೆ ಸುಮ್ಮನೆ ಕೂತಿತ್ತು. ಎಷ್ಟು ಹೆಸರು ಮಾಡಿದರೇನು, ನಮ್ಮ ಕಾಲು ನಮ್ಮ ಸೊಂಟಕ್ಕೆ ಎಟುಕುವುದಿಲ್ಲ ನೋಡಿ.

ಅದೇ ಕೋಣೆಯ ಮಂಚದ ಮೇಲೆ ಅತ್ತೆ ಕೂತಿದ್ದರು. ಈಗ ಅವರಿಗೆ ಕೋಲಿಲ್ಲದೆ ನಡೆಯಲಾಗುವುದಿಲ್ಲ, ಮಾತೂ ಕಡಿಮೆ. ಬಹಳ ಹೊತ್ತು ನೋಡಿ, "ಪೂಜೆ ಆಗ್ಲಿಲ್ವೇನೇ?" ಎಂದರು.

"ಇಲ್ಲ ಅತ್ತೆ."

"ನೀರು?"

"ಇಲ್ಲ."

ಅತ್ತೆ ಮಂಚದ ಅಂಚಿಗೆ ಸರಿದು ಒಂದು ಕಾಲು ಇಳಿಬಿಟ್ಟರು. "ಈ ಕಡೆ ಬೆನ್ನು ಮಾಡು."

"ನೀವು ತಲೆ ಮುಂದಾಗಿ ಹುಟ್ಟಿದೋರು ಅತ್ತೆ. ಕೆಲ್ಸ ಮಾಡಾಕಿಲ್ಲ."

"ನಾನು ಹುಟ್ಟಿದ್ದನ್ನ ನೀನು ನೋಡಿದ್ಯಾ? ಸುಮ್ನೆ ತಿರುಗು."

ಕುರ್ಚಿಯಿಂದ ಕಾಲಿಳಿಸಿ, ಮೆಲ್ಲಗೆ ಮಗ್ಗುಲಾದೆ. ಒಣಗಿದ ಪಾದವೊಂದು ಬಂದು ನನ್ನ ಸೊಂಟಕ್ಕೆ ತಾಗಿತು.

"ಏನತ್ತೆ ಇದು, ರೊಟ್ಟಿ ತಟ್ಟಿದಂಗೆ? ನನ್ನ ಮೇಲಿನ ಸಿಟ್ಟು ಯಾವುದಾದ್ರೂ ನೆನಪು ಮಾಡ್ಕೊಳ್ಳಿ."

ಅತ್ತೆ ಯೋಚನೆಗೆ ಬಿದ್ದರು. ಪಾದ ಸೊಂಟದ ಮೇಲೆಯೇ ಇತ್ತು. ಬಹಳ ಹೊತ್ತಾಯಿತು. ದೊಡ್ಡದೇ ಯಾವುದೋ ಬರುತ್ತಿದೆ ಎಂದು ನಾನು ಹಲ್ಲು ಕಚ್ಚಿಕೊಂಡೆ.

"ಒಂದೂ ನೆನಪಾಗ್ತಿಲ್ಲ ಕಣೇ" ಎಂದರು ಅತ್ತೆ. ಕಿವಿಯೋಲೆ ಕಳೆದುಕೊಂಡವರ ಧ್ವನಿ.

ನಾನೇ ಒಂದು ಹುಡುಕಿ, "ನಿಮ್ಮ ಮಗನ್ನ ಎಬ್ಬಿಸಿ ನಿಮ್ಮ ಮೇಲೆ ಎತ್ತಿಕಟ್ಟಿದೆ ಅಂತ ಬೈತಿದ್ರಲ್ಲ?" ಎಂದೆ.

"ಅವನೆಲ್ಲಿ ಎದ್ದ? ನೋಡ್ಹೋಗು, ಇನ್ನೂ ಮಲಗವ್ನೆ."

ನಿಜ. ಪಕ್ಕದ ಕೋಣೆಯಿಂದ ನನ್ನ ಗಂಡನ ಗೊರಕೆ ಕೇಳುತ್ತಿತ್ತು. ನಗಬಾರದು ನಗಬಾರದು ಎಂದುಕೊಂಡೇ ನಕ್ಕೆ. ಸೊಂಟ ಚಳಕ್ ಎಂದಿತು, ಆದರೂ ನಕ್ಕೆ. ಮಂಚದ ಮೇಲೆ ಅತ್ತೆಯೂ ನಗುತ್ತಿದ್ದರು. ಅವರ ನಗುವಿಗೆ ಸೊಂಟದ ಮೇಲಿನ ಪಾದ ಗಡಗಡ ಅಲುಗುತ್ತಿತ್ತು. ಆ ಅಲುಗಾಟದ ನಡುವೆ ಎಲ್ಲೋ ಒಳಗೆ ಬಿಗಿದಿದ್ದ ಗಂಟು ಜಾರಿತು. ಕೈಯೂರಿ ಎದ್ದು ಕೂತೆ. ಅತ್ತೆ ತಮ್ಮ ಕೋಲಿನಿಂದಲೇ ಮಣೆಯನ್ನು ನನ್ನ ಕಡೆ ತಳ್ಳಿದರು.

ಪೂಜೆ ಮಾಡಿ ನೀರು ಕುಡಿದೆ. ಆಗ ಕಂಡಿತು, ಬೆಳಿಗ್ಗೆ ನಾನೇ ಕೊಟ್ಟಿದ್ದ ಅತ್ತೆಯ ಕಾಫಿ ಲೋಟ ಕೆನೆಗಟ್ಟಿ ಮಂಚದ ಪಕ್ಕ ಹಾಗೇ ಕೂತಿತ್ತು. ಅವರ ಪೂಜೆ ನಸುಕಿಗೇ ಆಗಿತ್ತು.

"ನೀವೂ ಕುಡಿದಿಲ್ವಾ ಅತ್ತೆ?"

"ಬಿಸಿ ಮಾಡ್ಕೊಂಡು ಬಾ" ಎಂದರು, ಬೇರೆಲ್ಲೋ ನೋಡುತ್ತಾ. "ಮೆಲ್ಲಗೆ ಬಗ್ಗು."

ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಹೋದೆ. ಒಲೆ ಹಚ್ಚಿ ಕಾಫಿ ಇಡುವಷ್ಟರಲ್ಲಿ ಈರುಳ್ಳಿ ಸಿಪ್ಪೆಯ ಘಾಟು ಮೂಗಿಗೆ ಹತ್ತಿತು. ಕಟ್ಟೆಯನ್ನು ಹಿಡಿದುಕೊಂಡು, ಶಿವನ ಮೇಲೆ ಭಾರ ಹಾಕಿ, ಧಾರಾಳವಾಗಿ ಒಂದು ಸೀನು ಸೀನಿದೆ. ಪಕ್ಕದ ಕೋಣೆಯ ಗೊರಕೆ ನಿಂತಿತು.