ಬುಗ್ಗೆಯಲ್ಲೊಂದು ಸೀಟು

ಕಂಡಕ್ಟರಿಗೆ ಕೂರುವುದೊಂದು ಬರುತ್ತಿರಲಿಲ್ಲ. ನಿವೃತ್ತಿಯಾದ ಮೇಲೂ ಕಿಟಕಿಗೆ ಒರಗಿ ನಿಂತೇ ಕಾಫಿ, ನಿಂತೇ ಪೇಪರು. ಹೆಂಡತಿಗೆ ಇದ್ದದ್ದು ಒಂದೇ ಆಸೆ: ಈ ಮನುಷ್ಯ ಒಂದು ಸಲವಾದರೂ ತನ್ನ ಪಕ್ಕದಲ್ಲಿ ನೆಮ್ಮದಿಯಾಗಿ ಕೂರಬೇಕು. ಮದುವೆಯಾದ ಹೊಸದರಲ್ಲಿ ಅವರದೇ ಬಸ್ಸಿನಲ್ಲಿ ತವರಿಗೆ ಹೊರಟಾಗ ಪಕ್ಕದ ಸೀಟಿಗೆ ಕರ್ಚೀಫು ಹಾಕಿ ಕಾದಿದ್ದಳು. ಮಹಾರಾಯರು ಅಲ್ಲಿ ಕೋಳಿಬುಟ್ಟಿಯ ಮುದುಕನೊಬ್ಬನನ್ನು ಕೂರಿಸಿ ಮುಂದೆ ಹೋಗಿದ್ದರು. ಆ ಸಿಟ್ಟು ಇನ್ನೂ ಆರಿರಲಿಲ್ಲ.

ಈಗ ಅವರಿಗೆ ಮಂಡಿನೋವು. ಬಿಸಿನೀರಿನ ಬುಗ್ಗೆಯಲ್ಲಿ ಕೂತು ಬನ್ನಿ ಎಂದು ಡಾಕ್ಟರು ಹೇಳಿದ್ದೇ ತಡ, ಅವಳು ಟವೆಲ್ಲು ಮಡಚಿಟ್ಟಳು. ನೀರಿನೊಳಗಿಂದ ಎಲ್ಲಿಗೆ ಓಡಿಹೋಗುತ್ತಾರೆ, ನೋಡೇಬಿಡೋಣ!

ಬುಗ್ಗೆಯ ಸುತ್ತ ಕಲ್ಲಿನ ಮೆಟ್ಟಿಲು. ಕೂತರೆ ಎದೆಮಟ್ಟ ನೀರು, ಮೂಗಿಗೆ ಗಂಧಕದ ವಾಸನೆ. ಇಳಿದು ಕೂತ ಕೂಡಲೇ ಅವಳ ಸೊಂಟಕ್ಕೆ ಜೀವ ಬಂತು. ಗಂಡನೂ ಇನ್ನೇನು ಕೂರಬೇಕು, ಅಷ್ಟರಲ್ಲಿ ಪ್ರವಾಸಿಗರ ಗುಂಪೊಂದು ಬಂದು ಮೊದಲ ಮೆಟ್ಟಿಲಲ್ಲೇ ಜಾಮ್ ಆಗಿ ನಿಂತಿತು.

ಕಂಡಕ್ಟರಿಗೆ ತಡೆಯಲಾಗಲಿಲ್ಲ. "ಒಳಗ್ ಬನ್ನಿ, ಒಳಗ್ ಬನ್ನಿ! ಮಧ್ಯೆ ಎಲ್ಲಾ ಖಾಲಿ ಇದೆ! ಯಾರೂ ಬಾಗಿಲಲ್ಲಿ ನಿಲ್ಬೇಡಿ!"

ಬಯಲಲ್ಲಿ ಬಾಗಿಲೆಲ್ಲಿದೆ ಎಂದು ಜನ ಅತ್ತಿತ್ತ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಸರಿದರು! ದಪ್ಪಗಿದ್ದವರು ಒತ್ತರಿಸಿಕೊಂಡರು, ಮಕ್ಕಳು ತೊಡೆಯೇರಿದರು. ಕೊನೆಗೆ ಉಳಿದ ಅಜ್ಜಿಯೊಬ್ಬರನ್ನು ಕಂಡಕ್ಟರೇ ಕೈಹಿಡಿದು ಇಳಿಸಿ, ಹೆಂಡತಿಯ ಪಕ್ಕದಲ್ಲೇ ಕೂರಿಸಿದರು.

ಅವಳ ಮುಖ ಸಣ್ಣದಾಯಿತು. ಬುಗ್ಗೆಯಲ್ಲಿ ಕೂತು ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ, ಅದೊಂದೇ ಅನುಕೂಲ.

"ಅವರು ಇಲ್ಲಿ ಕೆಲಸದವರಾ?" ಎಂದು ಅಜ್ಜಿ ಕೇಳಿದರು.

"ಅಲ್ಲ ಅಜ್ಜಿ, ನಮ್ಮನೆಯವರು. ಬಸ್ ಕಂಡಕ್ಟರಾಗಿದ್ರು. ನೀವು ಕೂತಿರೋದು ಅವರ ಜಾಗ."

"ಅಯ್ಯೋ, ಮೊದಲೇ ಹೇಳ್ಬಾರ್ದಾ ತಾಯಿ!" ಅಜ್ಜಿ ಆ ಕಡೆ ಸರಿದು ದನಿ ಏರಿಸಿದರು. "ಏನಪ್ಪಾ ಕಂಡಕ್ಟ್ರೇ, ಊರಿಗೆಲ್ಲಾ ಸೀಟ್ ಕೊಟ್ಟಿದ್ದು ಸಾಕು. ಬಂದು ಕೂತ್ಕೊಳ್ಳಿ. ಇಲ್ದಿದ್ರೆ ನಾನೂ ಎದ್ದು ನಿಂತ್ಕೋತೀನಿ!"

ವಯಸ್ಸಾದವರು ನಿಲ್ಲುವುದೆಂದರೇನು! ಕಂಡಕ್ಟರು ಗಡಿಬಿಡಿಯಲ್ಲಿ ಕೂತೇಬಿಟ್ಟರು. ಮಂಡಿ ಲಟಕ್ಕೆಂದಿತು. ಕೈ ಎಲ್ಲಿಡಬೇಕೆಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ಬಿಸಿ ಮೈಗೆಲ್ಲ ಹತ್ತಿ ಹಿತವಾದ ಮೇಲೆ ಹೆಂಡತಿಯ ಕಡೆ ತಿರುಗಿದರು. ಏನಾದರೂ ಮಾತಾಡಬೇಕಲ್ಲ; ಬಾಯಿಗೆ ಬಂದದ್ದು ಅದೇ ಹಳೆಯ ಮಾತು.

"ಎಲ್ಲಿಗೆ?"

"ಕೊನೇ ಸ್ಟಾಪಿಗೆ," ಎಂದಳು ಅವಳು, ಕಣ್ಣೊರೆಸಿಕೊಂಡು ನಗುತ್ತ. "ಅಲ್ಲೀವರೆಗೂ ನೀವು ಏಳೋ ಹಾಗಿಲ್ಲ."