ಅರ್ಧ ಗಡ್ಡ ಬಿಟ್ಟು ಓಡಿದ ದೊಡ್ಡಪ್ಪ

ನಮ್ಮ ದೊಡ್ಡಪ್ಪನ ಕ್ಷೌರದಂಗಡಿಯ ಎದುರಿಗೇ ಪುಸ್ತಕದಂಗಡಿ. ಆ ಬೇಸಿಗೆಯಲ್ಲಿ ಅಲ್ಲಿ ಪ್ರತಿ ಶನಿವಾರ ಸಂಜೆ ಹಾಡು, ನಾಟಕ, ಕಥೆ ಎಲ್ಲವೂ ಉಚಿತವಾಗಿ ನಡೆಯುತ್ತಿದ್ದವು. ದೊಡ್ಡಪ್ಪನಿಗೆ ಕಥೆಯೆಂದರೆ ಪ್ರಾಣ. ಆದರೂ ಪುಸ್ತಕದಂಗಡಿಯಾಕೆ ಕರೆದಾಗಲೆಲ್ಲ, "ಶನಿವಾರ ಗಿರಾಕಿ ಜಾಸ್ತಿ ಅಮ್ಮಾ, ಇಲ್ಲಿಂದ್ಲೇ ಕೇಳುತ್ತೆ" ಎನ್ನುತ್ತಿದ್ದ. ಕೈ ಗಿರಾಕಿಯ ಕೆನ್ನೆಯ ಮೇಲಿದ್ದರೂ ಕಿವಿ ಮಾತ್ರ ಬೀದಿಯಾಚೆ.

ಒಂದು ಶನಿವಾರ ಕಥೆ ಹೇಳುವ ಅಜ್ಜಿಯೊಬ್ಬರು ಬಂದಿದ್ದರು. ಕಥೆಯಲ್ಲಿ ಕಳೆದುಹೋಗಿದ್ದ ಮಗಳು ಇನ್ನೇನು ತಾಯಿಯ ಮನೆ ಬಾಗಿಲು ತಟ್ಟಬೇಕು, ಅಷ್ಟರಲ್ಲಿ ನಡುಬೀದಿಯಲ್ಲಿ ಲಾರಿಯೊಂದು ಕೆಟ್ಟು ನಿಂತಿತು. ಹಿಂದಿನ ಗಾಡಿಗಳೆಲ್ಲ ಒಟ್ಟಿಗೆ ಹಾರ್ನ್ ಬಾರಿಸತೊಡಗಿದವು. ಕಥೆ ಕೇಳಿಸದಾಯಿತು. ದೊಡ್ಡಪ್ಪ ತಡೆಯಲಾರದೆ ಕತ್ತಿಯನ್ನು ಮೇಜಿನ ಮೇಲಿಟ್ಟು, ಬೀದಿ ದಾಟಿ ಓಡಿಯೇಬಿಟ್ಟ.

"ಏಯ್, ಇನ್ನರ್ಧ ಗಡ್ಡ ಯಾರಯ್ಯಾ ತೆಗೀತಾರೆ?" ಎಂದು ಕೂಗುತ್ತಾ, ಕೊರಳಲ್ಲಿ ಬಿಳಿ ಬಟ್ಟೆ, ಒಂದು ಕೆನ್ನೆಯ ತುಂಬ ನೊರೆ ಹೊತ್ತ ಗಿರಾಕಿಯೂ ಹಿಂದೆಯೇ ಬಂದ. ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಜ್ಜಿ ಮಾತ್ರ ನಗಲಿಲ್ಲ. "ಸ್ವಲ್ಪ ಸರ್ಕೊಳ್ರಪ್ಪಾ, ಇಬ್ರೂ ಕೂತ್ಕೊಳ್ಳಲಿ. ಬಾಗಿಲು ತಟ್ಟೋದನ್ನ ಮತ್ತೆ ಹೇಳ್ತೀನಿ" ಎಂದರು.

ಕಥೆ ಮುಗಿದಾಗ ದೊಡ್ಡಪ್ಪ ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಏಳಿ ಸ್ವಾಮಿ, ಉಳಿದದ್ದು ಮುಗಿಸಿಬಿಡ್ತೀನಿ" ಎಂದ. ನೊರೆ ಒಣಗಿದ ಕೆನ್ನೆಯ ಗಿರಾಕಿ ಕುರ್ಚಿ ಬಿಟ್ಟು ಕದಲಲಿಲ್ಲ.

"ಸುಮ್ನಿರಯ್ಯ, ಇನ್ನೊಂದು ಕಥೆ ಇದೆಯಂತೆ!"

ಮುಂದಿನ ವಾರದಿಂದ ದೊಡ್ಡಪ್ಪ ಆ ಹೊತ್ತಿಗೆ ಅಂಗಡಿ ಮುಚ್ಚಿ ಮೊದಲ ಸಾಲಿನಲ್ಲಿ ಕೂರತೊಡಗಿದ. ಗಿರಾಕಿಗಳು ಯಾರೂ ಗೊಣಗಲಿಲ್ಲ. ಹೆಚ್ಚಿನವರು ಅವನ ಪಕ್ಕದಲ್ಲೇ ಇರುತ್ತಿದ್ದರು.