‘ಏನಿದ್ರೂ ಆಗುತ್ತೆ’ ಇಲ್ಲಿ ಸಿಗುವುದಿಲ್ಲ

ಬನ್ನಕ್ಕ ಎನ್ನುವುದು ಅವರ ಹೆಸರಲ್ಲ. ಬೇಕರಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಬನ್ನಿನ ಹಿಟ್ಟು ನಾದಿದ್ದಕ್ಕೆ ನಮ್ಮ ಬೀದಿಯವರು ಇಟ್ಟ ಹೆಸರು. ಬನ್ನಿನ ಅಕ್ಕ ಬರಬರುತ್ತಾ ಬನ್ನಕ್ಕ ಆದರು. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಅವರೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ.

ಉಬ್ಬಿದ ಹಿಟ್ಟಿನ ಮೇಲೆ ಅವರು ಒಂದು ಬೆರಳು ಒತ್ತುತ್ತಾರೆ. ಬಿದ್ದ ಗುಳಿ ಎಷ್ಟು ನಿಧಾನವಾಗಿ ಮೇಲೇಳುತ್ತದೆ ಎಂದು ನೋಡಿ “ಇನ್ನೂ ಹತ್ತು ನಿಮಿಷ” ಎಂದರೆ ಹತ್ತೇ ನಿಮಿಷ. ಬೇಕರಿಯ ಯಜಮಾನರೂ ಅದಕ್ಕೆ ಎದುರಾಡುವುದಿಲ್ಲ. ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದರೆ ಅಲ್ಲಿ ಎರಡನೇ ಪಾಳಿ. ಗಂಡ ಗಡಿಯಾರ ರಿಪೇರಿಯವರು, ಕೂದಲೆಳೆಯಂಥ ಸ್ಪ್ರಿಂಗುಗಳ ಜೊತೆ ದಿನ ಕಳೆಯುವ ಮನುಷ್ಯ. ಊಟದಲ್ಲೂ ಅದೇ ನಿಖರತೆ ಬೇಕು. ಉಪ್ಪು ಅರ್ಧ ಚಿಟಿಕೆ ಹೆಚ್ಚಾದರೆ ಬಾಯಿಬಿಟ್ಟು ಬೈಯುವವರಲ್ಲ. ಚಮಚ ಕೆಳಗಿಟ್ಟು ಗೋಡೆ ನೋಡುತ್ತಾರೆ. ಆ ಗೋಡೆ ನೋಡುವುದು ಬೈಗುಳಕ್ಕಿಂತ ಜೋರು. ಹಾಗಾಗಿ ಬನ್ನಕ್ಕ ಮೂವತ್ತಮೂರು ವರ್ಷ ಪ್ರತಿಯೊಂದನ್ನೂ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ರುಚಿ ನೋಡಿಯೇ ಬಡಿಸಿದರು. ಅವರಿಗೆ ಏನು ಬೇಕು ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ: “ಏನಿದ್ರೂ ಆಗುತ್ತೆ.” ಬಟ್ಟೆ ಅಂಗಡಿಯಲ್ಲೂ ಅದೇ, ಔಷಧಿ ಅಂಗಡಿಯಲ್ಲೂ ಬಹುಶಃ ಅದೇ.

ಆ ಉತ್ತರ ಮೊದಲ ಸಲ ಕೈಕೊಟ್ಟದ್ದು ಕಣ್ಣಿನ ಆಸ್ಪತ್ರೆಗೆ ಹೋದ ದಿನ. ಕಣ್ಣಿಗೆ ಹನಿ ಹಾಕಿ, ಎರಡು ಗಂಟೆ ಬಿಟ್ಟು ಬನ್ನಿ ಎಂದು ಕಳಿಸಿದ್ದರು. ಹೊಟ್ಟೆ ಚುರುಗುಟ್ಟುತ್ತಿತ್ತು. ಎದುರಿಗೆ ಒಂದು ಹೋಟೆಲ್. ತಡವರಿಸಿಕೊಂಡು ಒಳಗೆ ಹೋಗಿ ಕಿಟಕಿ ಪಕ್ಕದ ಸಣ್ಣ ಟೇಬಲ್ಲಿನಲ್ಲಿ ಕೂತರು. ಅದಕ್ಕಿದ್ದದ್ದು ಒಂದೇ ಕುರ್ಚಿ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ನರೆಗೂದಲಿನ ಸಪ್ಲೈಯರ್ ಬಂದು ಏನು ಬೇಕು ಎಂದರು. ಬನ್ನಕ್ಕ ಏನಿದ್ದರೂ ಆಗುತ್ತೆ ಎಂದರು.

“ಹತ್ತೊಂಬತ್ತು ಐಟಂ ಇದೆಯಮ್ಮ ನಮ್ಮಲ್ಲಿ. ಅದೊಂದು ಮಾತ್ರ ಇಲ್ಲ.”

ಬೋರ್ಡು ಓದೋಣವೆಂದರೆ ಕಣ್ಣಿನ ಹನಿಯಿಂದ ಅಕ್ಷರಗಳೆಲ್ಲ ನೀರಲ್ಲಿ ಬಿದ್ದಂತೆ ತೇಲುತ್ತಿದ್ದವು. ಹಾಗೆಂದು ಹೇಳಿದ್ದಕ್ಕೆ ಆ ಮನುಷ್ಯ ಕೈಕಟ್ಟಿ ನಿಂತು, ಹಾಜರಿ ಕೂಗುವ ಮೇಷ್ಟ್ರ ಹಾಗೆ ಹತ್ತೊಂಬತ್ತನ್ನೂ ಕೂಗಿದರು. ಹನ್ನೆರಡನೆಯದಕ್ಕೆ ಬನ್ನಕ್ಕ ಕೈ ಎತ್ತಿದರು. ಬೆಣ್ಣೆಯಲ್ಲಿ ಹುರಿದು ಮೆಣಸಿನ ಪುಡಿ ಉದುರಿಸಿದ ಅಣಬೆ. ಗಡಿಯಾರದವರಿಗೆ ಅದರ ವಾಸನೆ ಆಗದು. ಮದುವೆಯಾದ ಮೇಲೆ ಅಣಬೆ ಅವರ ಮನೆಯ ಹೊಸ್ತಿಲು ದಾಟಿರಲಿಲ್ಲ.

ತಟ್ಟೆ ಬಂದಾಗ ಎಂದಿನಂತೆ ಕಣ್ಣು ಮುಚ್ಚಿ ದೇವರನ್ನು ನೆನೆದರಂತೆ. ಇಷ್ಟು ವರ್ಷ ಬೇರೆಯವರ ತಟ್ಟೆಯ ಮುಂದೆ ನಿಂತು ಕೃತಜ್ಞತೆ ಹೇಳುತ್ತಿದ್ದೆನಲ್ಲ ಎಂದು ಆಗ ಹೊಳೆಯಿತಂತೆ. ಅಣಬೆಯ ಅಂಚು ಕಂದುಬಣ್ಣಕ್ಕೆ ತಿರುಗಿ ಗರಿಗರಿಯಾಗಿತ್ತು, ನಡುವೆ ಮೆತ್ತಗೆ ರಸ ಇತ್ತು, ತಟ್ಟೆಯ ತಳದಲ್ಲಿ ಬೆಣ್ಣೆ ಕಪ್ಪಗೆ ಹೊಳೆಯುತ್ತಿತ್ತು. ಉಪ್ಪು ಹೇಗಿತ್ತು ಎಂದು ಪಕ್ಕದ ಮನೆಯವಳಾದ ನಾನು ಕೇಳಿದೆ.

“ಗೊತ್ತಾಗ್ಲಿಲ್ಲ ಕಣೆ. ರುಚಿ ನೋಡೋದು ಬೇರೆ, ತಿನ್ನೋದು ಬೇರೆ. ನಾನು ಅವತ್ತು ತಿಂದೆ.”

ಅಂದಿನಿಂದ ಪ್ರತಿ ಬುಧವಾರ, ಬೇಕರಿಯ ರಜೆಯ ದಿನ, ಮಧ್ಯಾಹ್ನ ಒಂದು ಗಂಟೆಗೆ ಅದೇ ಕುರ್ಚಿ. ಮನೆಯವರಿಗೆ ಅಡುಗೆ ಮಾಡಿಟ್ಟೇ ಹೋಗುತ್ತಿದ್ದರು. ಐದನೇ ವಾರಕ್ಕೆ ಸುದ್ದಿ ಊರೆಲ್ಲ ಆಯಿತು. ಗಡಿಯಾರದಂಗಡಿಗೆ ಬಂದ ಗಿರಾಕಿಯೊಬ್ಬ, ಮನೆಯಲ್ಲಿ ಒಲೆ ಉರಿಯುತ್ತಿಲ್ಲವೇ ಎಂದು ಕುಹಕವಾಡಿದ. ಗಡಿಯಾರದವರು ಆ ದಿನ ಅಂಗಡಿಯ ಗೋಡೆಯನ್ನು ಬಹಳ ಹೊತ್ತು ನೋಡಿರಬೇಕು. ಸಂಜೆ ತಮ್ಮ ಅಕ್ಕನನ್ನು ಕರೆಸಿದರು.

ಬನ್ನಕ್ಕನ ಈ ಅತ್ತಿಗೆ ನರ್ಸಾಗಿ ನಿವೃತ್ತರಾದವರು. ಯಾರ ಮನೆಯಲ್ಲಿ ಏನು ಕೆಟ್ಟರೂ ಬ್ಯಾಂಡೇಜು ಕಟ್ಟಲು ಅವರೇ ಬರಬೇಕು. ಕೇಕಿಗೆ ಪಾತ್ರೆ ಕೇಳಲು ಹೋಗಿದ್ದ ನಾನು ನಡುಮನೆಯಲ್ಲಿ ಸಿಕ್ಕಿಬಿದ್ದೆ. ಎದ್ದು ಬರಲೂ ಆಗದೆ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

“ನಿಂಗೆ ಈ ಮನೇಲಿ ಏನು ಕಮ್ಮಿಯಾಗಿದೆ?” ಎಂದರು ಅತ್ತಿಗೆ.

“ಏನೂ ಕಮ್ಮಿಯಿಲ್ಲ ಅತ್ತಿಗೆ. ಅಣಬೆ ಇಲ್ಲ, ಅಷ್ಟೇ.”

ಅಣಬೆ ಬೇಕಿದ್ದರೆ ಮನೆಯಲ್ಲೇ ಮಾಡಿಕೊಳ್ಳಲಿ, ತಾನೇನು ಬೇಡ ಎಂದೆನೇ ಎಂದು ಗಡಿಯಾರದವರು ಗೊಣಗಿದರು. ಬನ್ನಕ್ಕ ಬಟ್ಟೆ ಮಡಚುತ್ತಿದ್ದವರು ಕೈ ನಿಲ್ಲಿಸಲಿಲ್ಲ.

“ಮಾಡೋಳೂ ನಾನೇ, ಬಾಣಲೆ ತೊಳೆಯೋಳೂ ನಾನೇ, ನೀವು ಮೂಗು ಮುಚ್ಕೊಳ್ಳೋದನ್ನ ನೋಡೋಳೂ ನಾನೇ. ಅದು ತಿಂದ ಹಾಗಾಗಲ್ಲರೀ.”

ಅತ್ತಿಗೆ ಆಮೇಲೆ ಬಹಳ ಹೇಳಿದರು. ಒಬ್ಬಳೇ ಹೋಗಿ ಕೂತು ತಿನ್ನುವುದು ಹೆಂಗಸಿಗೆ ಲಕ್ಷಣವಲ್ಲ, ಗಂಡ ಅನ್ನ ಹಾಕುವುದಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ, ಇಷ್ಟು ಒಳ್ಳೆಯ ಕೈಯಿಟ್ಟುಕೊಂಡು ಹೊರಗೆ ತಿನ್ನುವುದೆಂದರೆ ತನ್ನ ಅಡುಗೆಯನ್ನು ತಾನೇ ಹೀಯಾಳಿಸಿದ ಹಾಗೆ. ಕೊನೆಗೆ ತೀರ್ಪು ಕೊಟ್ಟರು: ಬರುವ ಬುಧವಾರ ಒಂದು ಗಂಟೆಗೆ ತಾನು ಇಲ್ಲಿಗೇ ಊಟಕ್ಕೆ ಬರುತ್ತೇನೆ. ಬಂದವರನ್ನು ಬಿಟ್ಟು ಹೇಗೆ ಹೋಗುತ್ತೀಯೋ ನೋಡುತ್ತೇನೆ.

ಬನ್ನಕ್ಕ “ಬನ್ನಿ ಅತ್ತಿಗೆ” ಎಂದರು.

ಆ ಬುಧವಾರ ಬೆಳಗಿನಿಂದ ಅವರ ಅಡುಗೆಮನೆಯ ಪರಿಮಳ ನಮ್ಮ ಮನೆಗೂ ಬಂತು. ಬೇಳೆಯ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ, ಹುರಿದ ಆಲೂಗೆಡ್ಡೆ, ಸೊಪ್ಪು, ಅನ್ನ, ಓವನ್ನಿನಿಂದ ಆಗತಾನೇ ತೆಗೆದ ಬ್ರೆಡ್ಡು. ಅತ್ತಿಗೆ ಹೊತ್ತಿಗೆ ಸರಿಯಾಗಿ ಬಂದರು. ಗಡಿಯಾರದವರು ಅಂಗಡಿ ಮುಚ್ಚಿ ಬಂದಿದ್ದರು. ತಟ್ಟೆಗಳು ಸಿದ್ಧವಿದ್ದವು, ಬ್ರೆಡ್ಡಿನ ಮೇಲೆ ಶುಭ್ರವಾದ ಬಟ್ಟೆ ಹೊದಿಸಿತ್ತು. ಇಬ್ಬರೂ ಕೂತರು. ಬನ್ನಕ್ಕ ನೀರು ತಂದಿಟ್ಟು, ಕೈಚೀಲ ಹೆಗಲಿಗೆ ಹಾಕಿಕೊಂಡರು.

“ಸೌಟು ಸಾರಿನ ಪಾತ್ರೇಲೇ ಇದೆ. ಬಡಿಸ್ಕೊಂಡು ಊಟ ಮಾಡಿ ಅತ್ತಿಗೆ, ಸಂಕೋಚ ಬೇಡ. ನಾನು ಊಟ ಮಾಡ್ಕೊಂಡು ಬರ್ತೀನಿ.”

ಅವರು ಚಪ್ಪಲಿ ಮೆಟ್ಟಿಕೊಂಡು ನಮ್ಮ ಕಿಟಕಿಯ ಮುಂದೆಯೇ ಹೋದರು. ನಡಿಗೆಯಲ್ಲಿ ಅವಸರವೂ ಇರಲಿಲ್ಲ, ಹಿಂಜರಿಕೆಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಗಡಿಯಾರದವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅದೇ ದಾರಿ ಹಿಡಿದರು. ಕರೆದುಕೊಂಡು ಬಾ ಎಂದು ಅವರ ಅಕ್ಕ ಕಳಿಸಿದ್ದರು.

ಹೋಟೆಲಿನಲ್ಲಿ ನಡೆದದ್ದನ್ನು ಬನ್ನಕ್ಕ ನನಗೆ ಮೂರು ಸಲ ಹೇಳಿದ್ದಾರೆ, ಮೂರು ಸಲವೂ ಒಂದೇ ಥರ. ಅವರು ಅರ್ಧ ತಟ್ಟೆ ಮುಗಿಸಿದ್ದರು. ಗಂಡ ಬಂದು ಪಕ್ಕದಲ್ಲಿ ನಿಂತು, ಏಳು, ಮನೆಗೆ ಹೋಗೋಣ ಎಂದರು. ಮುಗಿದ ಮೇಲೆ ಬರುತ್ತೇನೆ ಎಂದರು ಇವರು. ಅಷ್ಟರಲ್ಲಿ ಸಪ್ಲೈಯರ್ ಬಂದು, ಓಡಾಡುವ ದಾರಿಯಲ್ಲಿ ನಿಲ್ಲಬಾರದೆಂದು ಗಡಿಯಾರದವರನ್ನು ಪಕ್ಕದ ಟೇಬಲ್ಲಿಗೆ ಕೂರಿಸಿದರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಏನು ಕೊಡಲಿ ಎಂದರು.

ಗಡಿಯಾರದವರಿಗೆ ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ತಟ್ಟೆ ತಾನಾಗಿ ಬರುತ್ತಿತ್ತು. ಸರಿಯಿಲ್ಲದಿದ್ದರೆ ನೋಡಲು ಗೋಡೆ ಇತ್ತು. ಇಲ್ಲಿ ಎದುರಿಗಿದ್ದದ್ದು ಹತ್ತೊಂಬತ್ತು ಸಾಲಿನ ಬೋರ್ಡು.

“ಏನಿದ್ರೂ ಆಗುತ್ತೆ,” ಎಂದರು.

ಸಪ್ಲೈಯರ್ ಬನ್ನಕ್ಕನ ಮುಖ ನೋಡಿದರು. ಬನ್ನಕ್ಕ ಅಣಬೆ ನೋಡಿದರು.

“ನಂಗೇನು ಇಷ್ಟ ಅಂತ ನಿಂಗೊತ್ತಲ್ಲ. ನೀನೇ ಹೇಳು,” ಎಂದರು ಗಡಿಯಾರದವರು, ಈ ಸಲ ಮೆಲ್ಲಗೆ.

ಗೊತ್ತಿತ್ತು. ಯಾವುದಕ್ಕೆ ಎಷ್ಟು ಹುಳಿ, ಮೊಟ್ಟೆ ಎಷ್ಟು ಬೇಯಬೇಕು, ಬ್ರೆಡ್ಡಿನ ಯಾವ ಭಾಗ, ಎಲ್ಲ ಗೊತ್ತಿತ್ತು. ಹೇಳಬೇಕೆಂದು ನಾಲಿಗೆಯ ತುದಿಗೂ ಬಂತಂತೆ. ಅದನ್ನು ಒಂದು ತುಂಡು ಅಣಬೆಯ ಜೊತೆ ನುಂಗಿಕೊಂಡರು.

“ನಂಗೊತ್ತು ರೀ. ನಿಮಗೆ ಗೊತ್ತಾ ನೋಡ್ಕೊಳ್ಳಿ.”

ಗಡಿಯಾರದವರು ಕನ್ನಡಕ ಹಾಕಿಕೊಂಡು ಬೋರ್ಡನ್ನು ಮೇಲಿನಿಂದ ಓದತೊಡಗಿದರು. ಬನ್ನಕ್ಕ ಹಿಟ್ಟಿನ ಮೇಲೆ ಬೆರಳಿಟ್ಟು ಕಾಯುವವರ ಹಾಗೆ ನಿಧಾನವಾಗಿ ತಿಂದರು. ತಟ್ಟೆಯ ಬೆಣ್ಣೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದು ಎದ್ದಾಗ ಗಂಡ ಇನ್ನೂ ಒಂಬತ್ತನೇ ಸಾಲಿನಲ್ಲಿದ್ದರು. ಕೊನೆಗೆ ಏನು ತಿಂದರೋ ಇವತ್ತಿಗೂ ಹೇಳಿಲ್ಲ. ಇವರೂ ಕೇಳಿಲ್ಲ.

ಬನ್ನಕ್ಕ ಮನೆಗೆ ಬಂದಾಗ ಅತ್ತಿಗೆ ಒಬ್ಬರೇ ಊಟ ಮುಗಿಸಿ, ತಟ್ಟೆ ತೊಳೆದು ಬೋರಲು ಹಾಕಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದರು. ಮತ್ತೊಮ್ಮೆ ಬೈಗುಳ ಕೇಳಲು ಬನ್ನಕ್ಕ ಸೆರಗು ಸಿಕ್ಕಿಸಿಕೊಂಡು ತಯಾರಾಗಿಯೇ ನಿಂತರು. ಅತ್ತಿಗೆ ಸಾರು ಚೆನ್ನಾಗಿತ್ತು ಎಂದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಅಲ್ಲಿಗೆ ಹೆಂಗಸ್ರು ಬರ್ತಾರಾ?”

“ನಾನು ಹೋಗ್ತೀನಲ್ಲ ಅತ್ತಿಗೆ.”